ಬಾಡಿಗೆ ಹಾಲ್‌ನಲ್ಲೊಂದು ಮಾಯಾಶಾಲೆ

ಹುಟ್ಟುಹಬ್ಬಕ್ಕೆ ಬಾಡಿಗೆಗೆ ಸಿಗುವ ಹಾಲ್‌ಗಳು ಎಲ್ಲ ಊರುಗಳಲ್ಲೂ ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಬಿಳಿ ಬಣ್ಣದ ನಾಲ್ಕು ಗೋಡೆ, ಕಣ್ಣಿಗೆ ರಾಚುವ ಟ್ಯೂಬ್‌ಲೈಟು, ಸದ್ದು ಮಾಡುವ ಫ್ಯಾನು, ಮೂಲೆಯಲ್ಲಿ ಒಂದರ ಮೇಲೊಂದು ಪೇರಿಸಿಟ್ಟ ಪ್ಲಾಸ್ಟಿಕ್ ಕುರ್ಚಿಗಳು. ಬೆಳಿಗ್ಗೆ ಅಲ್ಲಿ ನಾಮಕರಣ ನಡೆದಿರುತ್ತದೆ, ಮರುದಿನ ಯಾವುದೋ ಸಂಘದ ವಾರ್ಷಿಕ ಸಭೆ ಇರುತ್ತದೆ. ಇಂಥ ಹಾಲನ್ನು ಒಂದು ಸಂಜೆಯ ಮಟ್ಟಿಗೆ ಮಂತ್ರದಂಡ ಹಿಡಿದ ಮಕ್ಕಳ ಮಾಯಾಶಾಲೆ ಮಾಡುವುದು ಹೇಗೆ? ಹೋದ ಡಿಸೆಂಬರಿನಲ್ಲಿ ಮೈಸೂರಿನ ನಮ್ಮ ಬಡಾವಣೆಯಲ್ಲಿ ನಾವು ಮಾಡಿದ್ದನ್ನು ಬರೆಯುತ್ತೇನೆ. ಅಜ್ಜ ಅಜ್ಜಿಯರಿಗೂ ಉಪಯೋಗವಾಗಲಿ, ಮಕ್ಕಳಿಗೂ ಉಪಯೋಗವಾಗಲಿ.

ನಾವು ಎಂದರೆ ಎಪ್ಪತ್ನಾಲ್ಕರ ನಾನು, ನನ್ನ ಹೆಂಡತಿ, ಹತ್ತು ತುಂಬಲಿದ್ದ ಮೊಮ್ಮಗ ಮತ್ತು ಅವನ ನಾಲ್ವರು ಗೆಳೆಯ ಗೆಳತಿಯರು. ಮೊಮ್ಮಗ ಹ್ಯಾರಿ ಪಾಟರ್ ಪುಸ್ತಕಗಳ ಹುಚ್ಚು ಹಿಡಿಸಿಕೊಂಡವನು. ಮಗಳು ಮೊದಲು ಅಲಂಕಾರದವರೊಬ್ಬರನ್ನು ವಿಚಾರಿಸಿದಳು. ಫಾಯಿಲ್ ಪರದೆ, ಗ್ಯಾಸ್ ಬಲೂನು, ಹೊಗೆ ಬಿಡುವ ಯಂತ್ರ ಎಲ್ಲ ಸೇರಿ 28,000 ರೂಪಾಯಿ ಎಂದರು. ಮೂವತ್ತಾರು ವರ್ಷ ಬ್ಯಾಂಕಿನ ಲೆಡ್ಜರ್ ಬರೆದವನು ನಾನು. "ಆ ಕೆಲಸ ನಮಗೆ ಬಿಡಮ್ಮ" ಎಂದೆ.

ಹಾಲ್‌ನ ಮ್ಯಾನೇಜರು ಕೊಟ್ಟ ಕರಾರುಗಳು ನಾಲ್ಕು. ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಗೋಡೆಗೆ ಟೇಪ್ ಅಂಟಿಸುವಂತಿಲ್ಲ. ಬೆಂಕಿ ಹಚ್ಚುವಂತಿಲ್ಲ. ಮಧ್ಯಾಹ್ನ ಮೂರಕ್ಕೆ ಬೀಗದ ಕೈ ಪಡೆದು ರಾತ್ರಿ ಒಂಬತ್ತಕ್ಕೆ ಹಿಂತಿರುಗಿಸಬೇಕು. ಮೊಮ್ಮಗನ ಮುಖ ಸಣ್ಣದಾಯಿತು. ನನಗೆ ಮಾತ್ರ ಈ ಕರಾರುಗಳು ಚೆನ್ನಾಗಿವೆ ಅನ್ನಿಸಿತು. ಏನು ಮಾಡಬಾರದೆಂದು ಮೊದಲೇ ಗೊತ್ತಾದರೆ ಏನು ಮಾಡಬೇಕೆಂಬುದು ಬೇಗ ಹೊಳೆಯುತ್ತದೆ.

ಮೊದಲ ಕೆಲಸ ಕತ್ತಲೆ

ಗುಬ್ಬಿ ವೀರಣ್ಣನವರ ಕಂಪೆನಿ ರಂಗದ ಮೇಲೆ ಆನೆಯನ್ನೇ ತಂದಿತ್ತೆಂದು ನಮ್ಮ ಹಿರಿಯರು ಕಥೆ ಕಥೆಯಾಗಿ ಹೇಳುತ್ತಿದ್ದರು. ಆದರೆ ಕಂಪೆನಿ ನಾಟಕಗಳಲ್ಲಿ ಪ್ರತಿ ರಾತ್ರಿ ಆನೆ ಬರುತ್ತಿರಲಿಲ್ಲ. ಕೆಲಸ ಮಾಡುತ್ತಿದ್ದುದು ಪರದೆ ಮತ್ತು ಬೆಳಕು. ಕಾಡಿನ ಪರದೆ ಇಳಿದರೆ ಕಾಡು, ಅರಮನೆಯ ಪರದೆ ಇಳಿದರೆ ಅರಮನೆ. ಪ್ರೇಕ್ಷಕರು ಕತ್ತಲಲ್ಲಿ ಕೂತಿರುತ್ತಿದ್ದರು, ಬೆಳಕು ಬಿದ್ದಷ್ಟೇ ಲೋಕ. ಬಾಡಿಗೆ ಹಾಲಿಗೂ ಇದೇ ಸೂತ್ರ. ಟ್ಯೂಬ್‌ಲೈಟ್ ಉರಿಯುತ್ತಿದ್ದರೆ ಎಷ್ಟು ಸಾವಿರ ಸುರಿದರೂ ಅದು ಹಾಲೇ.

ಹಾಗಾಗಿ ಇಪ್ಪತ್ತು ಮೀಟರ್ ಕಪ್ಪು ಲೈನಿಂಗ್ ಬಟ್ಟೆ ತಂದೆವು, ಮೀಟರಿಗೆ 45 ರೂಪಾಯಿ. ಮದುವೆ ನಡೆಯುವ ಹಾಲ್ ಆದ್ದರಿಂದ ತೋರಣ ಕಟ್ಟಲು ಗೋಡೆಯುದ್ದಕ್ಕೂ ಕೊಂಡಿಗಳಿದ್ದವು. ಅವುಗಳಿಗೆ ಹಗ್ಗ ಬಿಗಿದು, ಬಟ್ಟೆ ಇಳಿಬಿಟ್ಟು, ಬಟ್ಟೆ ಒಣಗಿಸುವ ಕ್ಲಿಪ್ಪು ಹಾಕಿದೆವು. ಮೊಳೆಯೂ ಇಲ್ಲ, ಟೇಪೂ ಇಲ್ಲ.

ಕಥೆಯಲ್ಲಿ ಬರುವ ಶಾಲೆಯ ಊಟದ ಮಹಾಮನೆಗೆ ಒಂದು ವಿಶೇಷವಿದೆ. ಅದರ ಚಾವಣಿ ಹೊರಗಿನ ಆಕಾಶವನ್ನೇ ತೋರಿಸುತ್ತದೆ. ಇದನ್ನು ಹೇಳಿದವನು ಮೊಮ್ಮಗ. "ಹಾಗಾದರೆ ಅವತ್ತು ಸಂಜೆ ಮೈಸೂರಿನ ಮೇಲೆ ಯಾವ ನಕ್ಷತ್ರ ಇರುತ್ತೆ ನೋಡೋಣ ಬಾ" ಎಂದು ತಾರಸಿಗೆ ಕರೆದುಕೊಂಡು ಹೋದೆ. ಡಿಸೆಂಬರಿನ ಸಂಜೆ ಪೂರ್ವದಲ್ಲಿ ಮೊದಲು ಕೃತ್ತಿಕೆಯ ಸಣ್ಣ ಗೊಂಚಲು, ಅದರ ಹಿಂದೆ ಕೆಂಪಗೆ ಮಿನುಗುವ ರೋಹಿಣಿ, ಆಮೇಲೆ ಮೃಗಶಿರ. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ ಎಂದು ಬಾಯಿಪಾಠ ಹೇಳುವ ಕ್ರಮದಲ್ಲೇ ಅವು ಮೇಲೇರುತ್ತವೆ. ಮಕ್ಕಳು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ವೇದಿಕೆಯ ಹಿಂದಿನ ಕಪ್ಪು ಬಟ್ಟೆಗೆ ಅದೇ ಲೆಕ್ಕದಲ್ಲಿ ತೂತು ಮಾಡಿ, ದೀಪಾವಳಿಯ ಎಲ್‌ಇಡಿ ಸೀರಿಯಲ್ ಸೆಟ್ಟಿನ ಬಲ್ಬುಗಳನ್ನು ಹಿಂದಿನಿಂದ ತೂರಿಸಿದೆವು. ರೋಹಿಣಿಗೆ ಮಾತ್ರ ಕೆಂಪು ಜಿಲೇಟಿನ್ ಕಾಗದ.

ಮುಕ್ಕಾಲಿನ ಗೋಡೆ

ಕಥೆಯ ಮಕ್ಕಳು ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದಲ್ಲಿ ಒಂಬತ್ತೂ ಮುಕ್ಕಾಲನೆಯ ಪ್ಲಾಟ್‌ಫಾರ್ಮಿಗೆ ಗೋಡೆಯೊಳಗೇ ನುಗ್ಗಿ ಹೋಗುತ್ತಾರೆ. ಲೇಖಕಿ ಜೆ.ಕೆ. ರೌಲಿಂಗ್ ಅವರಿಗೆ ಈ ಕಥೆ ಹೊಳೆದದ್ದೂ ರೈಲಿನಲ್ಲೇ. 1990ರಲ್ಲಿ ಮ್ಯಾಂಚೆಸ್ಟರಿನಿಂದ ಲಂಡನ್ನಿಗೆ ಹೊರಟ ರೈಲು ತಡವಾಯಿತು, ಆ ಹೊತ್ತಿನಲ್ಲಿ ಹುಡುಗನ ಪಾತ್ರ ಮನಸ್ಸಿಗೆ ಬಂತು. ಮೊದಲ ಪುಸ್ತಕ 1997ರಲ್ಲಿ ಹೊರಬಂದಾಗ ಗಟ್ಟಿ ರಟ್ಟಿನ ಆವೃತ್ತಿಯಲ್ಲಿ ಅಚ್ಚಾದದ್ದು 500 ಪ್ರತಿ ಮಾತ್ರ. ಈಗ ಕಿಂಗ್ಸ್ ಕ್ರಾಸ್‌ನಲ್ಲಿ ಗೋಡೆಯೊಳಗೆ ಅರ್ಧ ಹೊಕ್ಕಂತೆ ಕಾಣುವ ಸಾಮಾನಿನ ಗಾಡಿಯೊಂದನ್ನೇ ನಿಲ್ಲಿಸಿದ್ದಾರೆ. ಜನ ಸಾಲಾಗಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ.

ನಮ್ಮ ಗೋಡೆಗೆ ಎರಡು ಹಳೆಯ ಹಾಸಿಗೆ ಹೊದಿಕೆ ಸಾಕಾದವು. ಪಾತ್ರೆ ತಿಕ್ಕುವ ಸ್ಪಂಜನ್ನು ಇಟ್ಟಿಗೆಯ ಆಕಾರಕ್ಕೆ ಕತ್ತರಿಸಿ, ಕೆಮ್ಮಣ್ಣಿನ ಬಣ್ಣದಲ್ಲಿ ಅದ್ದಿ ಸಾಲು ಸಾಲಾಗಿ ಒತ್ತಿದರೆ ಇಟ್ಟಿಗೆ ಗೋಡೆ ತಯಾರು. ಎರಡು ಹೊದಿಕೆಗಳನ್ನು ಬಾಗಿಲಿಗೆ ಒಂದರ ಮೇಲೊಂದು ಒಂದು ಮೊಳ ಬರುವಂತೆ ಇಳಿಬಿಟ್ಟೆವು. ಹೊರಗಿನಿಂದ ನೋಡಿದರೆ ಗಟ್ಟಿ ಗೋಡೆ, ಓಡಿಬಂದರೆ ದಾರಿ.

ಅಲ್ಲಿ ಒಂದು ತಮಾಷೆ ನಡೆಯಿತು. ಐವರು ಮಕ್ಕಳಲ್ಲಿ ಒಬ್ಬರಿಗೂ ಮುಕ್ಕಾಲು ಎಂದರೇನೆಂದು ಗೊತ್ತಿರಲಿಲ್ಲ. 'ತ್ರೀ ಫೋರ್ತ್' ಗೊತ್ತು. ನಾವು ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿ ಒಪ್ಪಿಸಿ ಬೆಳೆದವರು. ಮುಕ್ಕಾಲು ಎಂದರೆ ಮೂರು ಕಾಲು ಎಂದು ಬಿಡಿಸಿ ಹೇಳಿದ ಮೇಲೆ ಗೋಡೆಯ ಮೇಲೆ 'ಒಂಬತ್ತೂ ಮುಕ್ಕಾಲು' ಎಂದು ಕನ್ನಡದಲ್ಲೇ ಬರೆದರು. ಬಂದ ಮಕ್ಕಳೆಲ್ಲ ಅದನ್ನು ಓದಿ ಹೇಳಿದ ಮೇಲೇ ಒಳಗೆ ಬಿಡುವುದೆಂದು ಕಟ್ಟಪ್ಪಣೆ ಮಾಡಿದರು.

ತೇಲುವ ಮೇಣದಬತ್ತಿ

ಗಾಳಿಯಲ್ಲಿ ತೇಲುವ ಮೇಣದಬತ್ತಿಗಳಿಲ್ಲದೆ ಈ ಮಾಯಾಶಾಲೆ ಪೂರ್ತಿಯಾಗುವುದಿಲ್ಲ. 2001ರಲ್ಲಿ ತೆರೆಗೆ ಬಂದ ಮೊದಲ ಸಿನಿಮಾಕ್ಕೆ ಆರಂಭದಲ್ಲಿ ನಿಜವಾಗಿ ಉರಿಯುವ ಬತ್ತಿಗಳನ್ನೇ ತಂತಿಯಲ್ಲಿ ತೂಗುಹಾಕಿದ್ದರು. ಉರಿಯ ಶಾಖಕ್ಕೆ ತಂತಿ ತುಂಡಾಗಿ ಬತ್ತಿ ಕೆಳಗೆ ಬಿತ್ತು. ಆಮೇಲೆ ಅವುಗಳನ್ನು ಕಂಪ್ಯೂಟರಿನಲ್ಲಿ ಸೃಷ್ಟಿಸಿದರು. ಅಷ್ಟು ದೊಡ್ಡ ಸ್ಟುಡಿಯೋದವರಿಗೇ ಬೆಂಕಿ ಬೇಡವಾಯಿತು ಎಂದ ಮೇಲೆ ನಮಗೇಕೆ?

ನಾವು ಮಾಡಿದ್ದು ಹೀಗೆ. ಹಳೆಯ ನೋಟ್‌ಬುಕ್ಕಿನ ಬಿಳಿ ಹಾಳೆಯನ್ನು ಚಪಾತಿ ಲಟ್ಟಣಿಗೆಗೆ ಸುತ್ತಿ ಅಂಟಿಸಿ ಹೊರಗೆಳೆದರೆ ಕೊಳವೆ. ಅದರ ಬಾಯಿಯ ಸುತ್ತ ಫೆವಿಕಾಲ್ ದಪ್ಪಗೆ ಇಳಿಯಬಿಟ್ಟು ಒಣಗಿಸಿದರೆ ಮೇಣ ಕರಗಿ ಹರಿದಂತೆ ಕಾಣುತ್ತದೆ. ಮೇಲೆ ಬ್ಯಾಟರಿಯ ಪುಟ್ಟ ದೀಪ. ಎದುರುಬದುರು ಎರಡು ತೂತು ಮಾಡಿ, ಮೀನಿನ ಗಾಳಕ್ಕೆ ಕಟ್ಟುವ ನೈಲಾನ್ ದಾರ ಪೋಣಿಸಬೇಕು. ಆ ದಾರ ಅರೆಗತ್ತಲಲ್ಲಿ ಕಾಣುವುದೇ ಇಲ್ಲ. ಹಗ್ಗಕ್ಕೆ ಹತ್ತರಂತೆ ನಾಲ್ಕು ಹಗ್ಗ, ಒಟ್ಟು ನಲವತ್ತು ಬತ್ತಿ. ದೀಪಗಳನ್ನೆಲ್ಲ ಕೆಳಗೇ ಹೊತ್ತಿಸಿಕೊಂಡು, ಕಿಟಕಿಯ ಸರಳಿನ ಮೇಲಿಂದ ಹಗ್ಗವನ್ನು ಬಾವುಟ ಏರಿಸಿದಂತೆ ಎಳೆದು ಕಟ್ಟಿದೆವು. ಬತ್ತಿಗಳು ಮೇಲೆ ಕೆಳಗೆ ಇರಬೇಕು, ಆದರೆ ಅತಿ ಕೆಳಗಿನದೂ ಏಳು ಅಡಿಗಿಂತ ಮೇಲಿರಬೇಕು. ಫ್ಯಾನಿನ ಹತ್ತಿರ ಒಂದೂ ಇರಕೂಡದು.

ದೊಡ್ಡವರ ಗಮನಕ್ಕೆ ಒಂದು ಮಾತು. ಈ ದೀಪಗಳೊಳಗೆ ಗುಂಡಿಯಂಥ ಸಣ್ಣ ಸೆಲ್ ಇರುತ್ತದೆ. ಸಣ್ಣ ಮಕ್ಕಳು ಅದನ್ನು ನುಂಗಿದರೆ ಗಂಟಲಿನೊಳಗೇ ಸುಟ್ಟು ಗಾಯವಾಗುತ್ತದೆ, ಪ್ರಾಣಕ್ಕೆ ಅಪಾಯ. ಆದ್ದರಿಂದ ಪ್ರತಿಯೊಂದರ ತಳಕ್ಕೂ ಟೇಪ್ ಸುತ್ತಿದೆವು. ಕೊಟ್ಟಾಗ ನಲವತ್ತು, ಹಿಂತಿರುಗಿದಾಗ ನಲವತ್ತು ಎಂದು ಎಣಿಸಿ ಬರೆದುಕೊಂಡೆ. ಅಲಂಕಾರದವರು ಹೇಳಿದ್ದ ಉಳಿದ ವಸ್ತುಗಳನ್ನೂ ಇದೇ ಕಾರಣಕ್ಕೆ ಬಿಟ್ಟೆವು. ಗ್ಯಾಸ್ ಬಲೂನಿನಲ್ಲಿ ಎಷ್ಟೋ ಕಡೆ ಹೀಲಿಯಂ ಬದಲು ಹೈಡ್ರೋಜನ್ ತುಂಬಿರುತ್ತಾರೆ, ಕಿಡಿ ತಾಗಿದರೆ ಭಗ್ಗನೆ ಹೊತ್ತಿಕೊಳ್ಳುತ್ತದೆ. ಕೇಕಿನ ಮುಂದೆ ಚಿಮುಕಿಸುವ ಹಿಮದಂಥ ನೊರೆಯೂ ಮೇಣದಬತ್ತಿಯ ಉರಿ ಕಂಡರೆ ಹೊತ್ತಿಕೊಳ್ಳಬಹುದು. ಪಾನಕದ ಲೋಟದಲ್ಲಿ ಹೊಗೆ ಬರಿಸುವ ಡ್ರೈ ಐಸ್ ಸೊನ್ನೆಗಿಂತ 78 ಡಿಗ್ರಿ ಕೆಳಗಿನ ತಣ್ಣನೆಯ ವಸ್ತು. ಚೂರು ಹೊಟ್ಟೆಗೆ ಹೋದರೂ ಒಳಗೆ ಸುಟ್ಟಂತೆಯೇ ಗಾಯ. ಹೊಗೆ ಇಲ್ಲದಿದ್ದರೂ ಮಾಯೆ ಆಗುತ್ತದೆ.

ಗೂಬೆಯ ಪಂಚಾಯಿತಿ

ನಿಜವಾದ ತೊಡಕು ಬಂದದ್ದು ಗೂಬೆಯಿಂದ.

ಆ ಕಥೆಯಲ್ಲಿ ಕಾಗದಪತ್ರ ತರುವುದು ಗೂಬೆಗಳು. ನಾಯಕ ಹುಡುಗನದು ಬಿಳಿಯ ಹಿಮಗೂಬೆ. "ತಾತ, ಒಂದೇ ಒಂದು ನಿಜವಾದ ಬಿಳಿ ಗೂಬೆ, ಒಂದು ಗಂಟೆ ಸಾಕು" ಎಂದು ಮೊಮ್ಮಗ ದುಂಬಾಲು ಬಿದ್ದ. ಅತ್ತ ನನ್ನ ಅಕ್ಕ ಗೂಬೆಯ ಹೆಸರು ಕೇಳಿಯೇ ಕೋಪಗೊಂಡಳು. ಅಕ್ಕನಿಗೆ ಎಂಬತ್ತೊಂದು. ನಮ್ಮ ಮನೆಯ ಪ್ರತಿ ಹುಟ್ಟುಹಬ್ಬಕ್ಕೂ ಆರತಿ ಎತ್ತುವವಳು ಅವಳೇ, ನನ್ನ ಮಗಳಿಗೂ ಎತ್ತಿದವಳು. "ಶುಭಕಾರ್ಯದಲ್ಲಿ ಗೂಬೆ ಕೂರಿಸ್ತೀರಾ? ಗೂಬೆ ಇದ್ದ ಕಡೆ ನಾನು ಆರತಿ ಎತ್ತೋದಿಲ್ಲ, ಬರೋದೂ ಇಲ್ಲ" ಎಂದು ಹೇಳಿಬಿಟ್ಟಳು. ಗೂಬೆ ಬೇಕೇ ಬೇಕೆನ್ನುವವನು ಒಂದು ಕಡೆ, ಬೇಡವೇ ಬೇಡ ಎನ್ನುವವಳು ಇನ್ನೊಂದು ಕಡೆ. ಇಬ್ಬರೂ ಹಟದವರು, ಇಬ್ಬರೂ ನನಗೆ ಬೇಕಾದವರು.

ಮೊದಲು ಮೊಮ್ಮಗನ ಜೊತೆ ಕೂತೆ. ಮಕ್ಕಳೇ, ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಹಿಮಗೂಬೆ ಉತ್ತರ ಧ್ರುವದ ಕಡೆಯ ಹಿಮದ ನಾಡಿನ ಹಕ್ಕಿ. ನಮ್ಮ ದೇಶದ ಗೂಬೆಗಳನ್ನು ಹಿಡಿಯುವುದೂ ಮಾರುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಆದರೂ ಕದ್ದು ಹಿಡಿಯುತ್ತಾರೆ, ಮಾಟಮಂತ್ರದ ಹೆಸರಿನಲ್ಲಿ ಕೊಲ್ಲುತ್ತಾರೆ. ಈ ಕಳ್ಳವ್ಯಾಪಾರದ ಬಗ್ಗೆ ಪಕ್ಷಿತಜ್ಞ ಅಬ್ರಾರ್ ಅಹ್ಮದ್ ಅವರು ಟ್ರಾಫಿಕ್ ಇಂಡಿಯಾ ಸಂಸ್ಥೆಗಾಗಿ ಬರೆದ ವರದಿ 2010ರಲ್ಲಿ ಬಿಡುಗಡೆಯಾಯಿತು. ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಅದನ್ನು ಬಿಡುಗಡೆ ಮಾಡಿದರು. ಭಾರತದ 30 ಜಾತಿಯ ಗೂಬೆಗಳಲ್ಲಿ 15 ಜಾತಿ ಮಾರಾಟಕ್ಕೆ ಸಿಗುತ್ತಿದ್ದವು ಎಂದು ಅದರಲ್ಲಿದೆ. ಆ ತಜ್ಞರಿಗೇ ಪರಿಚಯದ ಮನೆಯೊಂದರಿಂದ ವಿಚಿತ್ರ ಕೋರಿಕೆ ಬಂದಿತ್ತು. ಹತ್ತು ವರ್ಷದ ಮಗನಿಗೆ ಹ್ಯಾರಿ ಪಾಟರ್ ಮಾದರಿಯ ಹುಟ್ಟುಹಬ್ಬವಂತೆ, ಜೀವಂತ ಬಿಳಿ ಗೂಬೆಯೊಂದನ್ನು ತಂದುಕೊಡಬೇಕಂತೆ!

"ಹತ್ತು ವರ್ಷಾನಾ?" ಎಂದ ಮೊಮ್ಮಗ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಸರಿ, ಮಾಡೋಣ ಬಿಡಿ ತಾತ" ಎಂದ. ನಿಜ ಗೂಬೆಯ ಮಾತು ಅಲ್ಲಿಗೆ ಮುಗಿಯಿತು.

ಅಕ್ಕನನ್ನು ಒಪ್ಪಿಸುವ ಕೆಲಸ ಅವನೇ ವಹಿಸಿಕೊಂಡ. ನಾನು ಅವನಿಗೆ ಕೊಟ್ಟ ಬಂಡವಾಳ ಒಂದೇ, ಹಾಲಕ್ಕಿ. ನಮ್ಮ ಕಾಲದ ಊರುಗಳಲ್ಲಿ ಬೆಳಗಿನ ಜಾವ ಬುಡಬುಡಿಕೆಯವನು ಬರುತ್ತಿದ್ದ. ದೊಡ್ಡ ರುಮಾಲು, ಬಣ್ಣಬಣ್ಣದ ಹೊದಿಕೆ, ಕೈಯಲ್ಲಿ ಪುಟ್ಟ ಡಮರುಗ. ಇಂಗ್ಲೆಂಡಿನ ಯಾವ ಮಾಂತ್ರಿಕನಿಗೂ ಕಡಿಮೆ ಇಲ್ಲದ ವೇಷ! ಹಾಲಕ್ಕಿ ನುಡಿದ ಶಕುನ ಎಂದೇ ಅವನು ಮನೆಮನೆಗೆ ಶುಭ ಹೇಳುತ್ತಿದ್ದ, ಅಕ್ಕಿ ರಾಗಿ ಪಡೆಯುತ್ತಿದ್ದ. ಆ ಹಾಲಕ್ಕಿ ಯಾವುದು ಗೊತ್ತೆ? ಗೂಬೆಯೇ! ಗೊರವಂಕದಷ್ಟೇ ಗಾತ್ರದ, ಕಂದು ಮೈ ಮೇಲೆ ಬಿಳಿ ಚುಕ್ಕೆಗಳ, ಹಳದಿ ಕಣ್ಣಿನ ಸಣ್ಣ ಗೂಬೆ. ಊರ ಮರದ ಪೊಟರೆಗಳಲ್ಲಿ ಈಗಲೂ ಇದೆ.

ಮೊಮ್ಮಗ ದೊಡ್ಡಜ್ಜಿಯ ಮನೆಗೆ ಹೋಗಿ ಬುಡಬುಡಿಕೆಯವನ ಕಥೆ ಹೇಳಿಸಿಕೊಂಡ. ಅಕ್ಕ ಉತ್ಸಾಹದಿಂದ ಹೇಳಿದಳಂತೆ. ಕಥೆ ಮುಗಿದ ಮೇಲೆ ಇವನು ಹಕ್ಕಿಯ ಚಿತ್ರ ತೋರಿಸಿದ. ಬಂಗಾಳದಲ್ಲಿ ಲಕ್ಷ್ಮಿಯ ಪಕ್ಕದಲ್ಲೇ ಗೂಬೆಯನ್ನಿಟ್ಟು ಪೂಜಿಸುತ್ತಾರೆಂದೂ, ಕಣಜಗೂಬೆ ಇಲಿ ಹಿಡಿದು ರೈತರ ಧಾನ್ಯ ಉಳಿಸುತ್ತದೆಂದೂ ಹೇಳಿದ. ಅಕ್ಕ ಪೂರ್ತಿ ಸೋಲಲಿಲ್ಲ. ಫೋನಿನಲ್ಲಿ ನನಗೆ ತೀರ್ಪು ಕೊಟ್ಟಳು: "ಹಾಲಕ್ಕಿ ಒಳಗೆ ಇರಲಿ. ಆ ಇಲಿ ತಿನ್ನೋ ದೊಡ್ಡದು ಹೊರಗೆ ಇರಲಿ." ನಾನು ಮರುಮಾತಾಡಲಿಲ್ಲ. ಎರಡು ಕಡೆಯೂ ಒಪ್ಪಿದ ಕರಾರಿಗಿಂತ ಒಳ್ಳೆಯ ಕರಾರಿಲ್ಲ.

ಹಾಲಕ್ಕಿ ಮಾಡುವುದು ಸುಲಭ. ತೆಂಗಿನಕಾಯಿ ಒಡೆದಾಗ ಒಂದು ಹೋಳಿನಲ್ಲಿ ಮೂರು ಕಣ್ಣು ಇರುತ್ತವಲ್ಲ, ತುರಿದು ಉಳಿದ ಆ ಚಿಪ್ಪನ್ನು ಎತ್ತಿಡಿ. ಎರಡು ಕಣ್ಣು, ಒಂದು ಕೊಕ್ಕು ಅಲ್ಲೇ ಇದೆ. ಕಣ್ಣಿನ ಸುತ್ತ ಹಳದಿ ಬಳಿದು, ಉಳಿದ ಕಡೆ ಬಿಳಿ ಚುಕ್ಕೆ ಇಟ್ಟರೆ ಹಕ್ಕಿ ನಿಮ್ಮನ್ನೇ ನೋಡುತ್ತದೆ. ಅಕ್ಕಪಕ್ಕದ ಮನೆಯವರೆಲ್ಲ ಮೂರು ವಾರ ಚಿಪ್ಪು ಕೂಡಿಟ್ಟು ಕೊಟ್ಟರು. ಹದಿನೆಂಟು ಮಕ್ಕಳಿಗೆ ಹದಿನೆಂಟು ಹಾಲಕ್ಕಿ. ಎಲ್ಲವನ್ನೂ ಒಣಗಿದ ಸೀಬೆ ಕೊಂಬೆಯ ಮೇಲೆ ಕೂರಿಸಿದೆವು. ಅಡಿಕೆ ಹಾಳೆಯ ತಟ್ಟೆಗಳನ್ನು ಜೋಡಿಸಿ ಹೃದಯದಾಕಾರದ ಮುಖದ ಕಣಜಗೂಬೆಯೊಂದನ್ನು ಮಾಡಿ, ತೀರ್ಪಿನಂತೆ ಹೊರಗಿನ ಜಗುಲಿಯ ಮೇಲೆ ತೂಗುಹಾಕಿದೆವು.

ಅಜ್ಜಿಯ ರಸಾಯನಶಾಲೆ

ಮಾಯಾಶಾಲೆಯಲ್ಲಿ ಮದ್ದು ಅರೆಯುವ ಕೋಣೆ ಇರುತ್ತದೆ. ಹಾಲ್‌ನ ಒಂದು ಮೂಲೆಗೆ ಮೇಜು ಹಾಕಿ, ಹಳೆಯ ಉಪ್ಪಿನಕಾಯಿ ಜಾಡಿ, ಹಿತ್ತಾಳೆ ಚೊಂಬು, ಒರಳುಕಲ್ಲು ಜೋಡಿಸಿದ್ದು ನನ್ನ ಹೆಂಡತಿ. ಶಂಖಪುಷ್ಪ ಹಾಕಿ ಕುದಿಸಿ ಸೋಸಿದ ನೀರು ಗಾಢ ನೀಲಿ. ಅದಕ್ಕೆ ನಿಂಬೆರಸ ಹಿಂಡಿದರೆ ಕಣ್ಣೆದುರೇ ನೇರಳೆಯಾಗುತ್ತದೆ. ಸಕ್ಕರೆ ಬೆರೆಸಿದರೆ ಕುಡಿಯುವ ಶರಬತ್ತು. ಇನ್ನೊಂದು ತಟ್ಟೆಯಲ್ಲಿ ಅರಿಸಿನ ಬಳಿದು ಒಣಗಿಸಿದ ಕಾಗದ. ಸೋಪಿನ ನೀರಿನಲ್ಲಿ ಬೆರಳದ್ದಿ ಅದರ ಮೇಲೆ ಹೆಸರು ಬರೆದರೆ ಅಕ್ಷರ ಕೆಂಪಗೆ ಮೂಡುತ್ತದೆ. ಏಳನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಬಹಳ ವರ್ಷ ಇದ್ದ ಪ್ರಯೋಗವಿದು. ಅರಿಸಿನದೊಳಗಿನ ಕರ್ಕ್ಯುಮಿನ್ ಎಂಬ ವಸ್ತು ಕ್ಷಾರ ತಾಗಿದರೆ ಕೆಂಪಾಗುತ್ತದೆ, ಹುಳಿ ತಾಗಿದರೆ ಮತ್ತೆ ಹಳದಿ.

ಐದೂವರೆಗೆ ಮಕ್ಕಳು ಮುಕ್ಕಾಲಿನ ಗೋಡೆ ದಾಟಿ ಬಂದರು. ಅರೆಗತ್ತಲು, ಮೇಲೆ ನಲವತ್ತು ಬತ್ತಿ. ಗಲಾಟೆ ಮಾಡುತ್ತ ಬಂದವರು ಒಳಗೆ ಕಾಲಿಟ್ಟು ಪಿಸುಗುಟ್ಟತೊಡಗಿದರು. ಹುಟ್ಟುಹಬ್ಬದ ದಿನ ದೀಪ ಊದಿ ಆರಿಸುವುದು ಅಕ್ಕನಿಗೆ ಸೇರುವುದಿಲ್ಲ, ಬೆಂಕಿಯಂತೂ ಕರಾರಿನಲ್ಲೇ ಇಲ್ಲ. ಹಾಗಾಗಿ ನಾವು ಆರಿಸುವ ಬದಲು ಹೊತ್ತಿಸಿದೆವು. ಮೊಮ್ಮಗ ಮಂತ್ರದಂಡ ಎತ್ತಿದ. ಪರದೆಯ ಹಿಂದೆ ಸ್ವಿಚ್ಚಿನ ಬಳಿ ಕೂತಿದ್ದವನು ನಾನು. ಕೃತ್ತಿಕೆ, ರೋಹಿಣಿ, ಮೃಗಶಿರ ಒಂದಾದ ಮೇಲೊಂದು ಬೆಳಗಿದವು.

ಆಮೇಲೆ ಅಕ್ಕ ತಟ್ಟೆ ಹಿಡಿದು ಎದ್ದಳು. ತಟ್ಟೆಯಲ್ಲಿ ಅರಿಸಿನದ ನೀರು. ಎಲ್ಲರೂ ನೋಡುತ್ತಿದ್ದಂತೆ ಚಿಟಿಕೆ ಸುಣ್ಣ ಹಾಕಿ ಕಲಕಿದಳು. ಹಳದಿ ನೀರು ರಕ್ತದಂತೆ ಕೆಂಪಾಯಿತು. ನಮ್ಮ ಮನೆಗಳಲ್ಲಿ ಮಗು ಹುಟ್ಟಿದಾಗ, ಮದುವೆಯಾದಾಗ ಎತ್ತುವ ಆರತಿ ನೀರು ಅದೇ. ಆದರೆ ಅರಿಸಿನ ಕಾಗದದ ಆಟ ಆಗತಾನೇ ಆಡಿದ್ದ ಹದಿನೆಂಟು ಮಕ್ಕಳು "ಓ!" ಎಂದು ಒಟ್ಟಿಗೇ ಕೂಗಿದರು. ಒಬ್ಬ ಹುಡುಗಿ ಎದ್ದು, "ಅಜ್ಜಿ, ಸುಣ್ಣ ಅಂದ್ರೆ ಕ್ಷಾರ ಅಲ್ವಾ?" ಎಂದು ಕೇಳಿದಳು. ಅಕ್ಕ ಶಾಲೆಗೆ ಹೋದದ್ದು ನಾಲ್ಕನೆಯ ತರಗತಿಯವರೆಗೆ. "ಕ್ಷಾರವೋ ಗೀರವೋ, ನಮ್ಮಮ್ಮ ಹೇಳಿಕೊಟ್ಟಿದ್ದು ಕಣಮ್ಮ" ಎಂದಳು. ಅವತ್ತು ಆ ಹಾಲ್‌ನಲ್ಲಿ ಎಲ್ಲರೂ ಬಾಯಿಬಿಟ್ಟು ನೋಡಿದ ಮಾಂತ್ರಿಕಳು ಅವಳೇ.

ಲೆಕ್ಕಪತ್ರ

ಎಂಟೂವರೆಗೆ ಪರದೆ ಇಳಿದವು, ಬತ್ತಿ ಇಳಿದವು, ಕುರ್ಚಿಗಳು ಮತ್ತೆ ಮೂಲೆ ಸೇರಿದವು. ಮಕ್ಕಳೇ ಹಾಲ್ ಗುಡಿಸಿದರು. ಮ್ಯಾನೇಜರು ಗೋಡೆಗಳ ಮೇಲೆ ಟಾರ್ಚ್ ಬಿಟ್ಟು ನೋಡಿ, ಮುಂಗಡದ ಹಣವನ್ನು ಪೂರ್ತಿ ಹಿಂತಿರುಗಿಸಿದರು. ಬಟ್ಟೆಗೆ 900, ದೀಪಕ್ಕೆ 600, ಕಾಗದ, ಅಂಟು, ದಾರ, ಬಣ್ಣಕ್ಕೆ 650. ಅಲಂಕಾರದ ಖರ್ಚು ಒಟ್ಟು 2,150 ರೂಪಾಯಿ. ಹಾಲ್ ಬಾಡಿಗೆ 3,500 ಬೇರೆ. ಉಳಿದ ದುಡ್ಡಿಗಿಂತ ಮೂರು ವಾರದ ಸಂಜೆಗಳೇ ದೊಡ್ಡ ಲಾಭ. ಆ ಸಂಜೆಗಳಲ್ಲಿ ಐವರು ಮಕ್ಕಳು ಫೋನು ಮುಟ್ಟಿದ್ದು ನಕ್ಷತ್ರದ ಚಿತ್ರ ನೋಡಲು ಮಾತ್ರ.

ನೀವೂ ಮಾಡುವುದಾದರೆ ಮೂರು ವಾರ ಮುಂಚೆ ಶುರುಮಾಡಿ. ಮೊದಲು ಹಾಲ್‌ನ ಕರಾರು ಓದಿ, ಕೊಂಡಿಗಳೆಲ್ಲಿವೆ ನೋಡಿ. ಹಾಗೆಯೇ ಮನೆಯ ಹಿರಿಯರಿಗೆ ಯಾವುದು ಸೇರುವುದಿಲ್ಲ ಎಂದೂ ಮೊದಲೇ ಕೇಳಿ. ಕತ್ತರಿ, ಸುಣ್ಣ, ಏಣಿ ದೊಡ್ಡವರ ಕೈಯಲ್ಲಿರಲಿ. ಉಳಿದದ್ದೆಲ್ಲ ಮಕ್ಕಳ ಕೈಯಲ್ಲಿರಲಿ, ಇಟ್ಟಿಗೆ ಸೊಟ್ಟಗಾದರೂ ಸರಿ.

ಕಪ್ಪು ಬಟ್ಟೆ, ನಲವತ್ತು ಬತ್ತಿ, ಇಟ್ಟಿಗೆ ಗೋಡೆ ನಮ್ಮ ಮನೆಯ ಟ್ರಂಕಿನಲ್ಲಿವೆ. ಈಗಾಗಲೇ ಬಡಾವಣೆಯ ಎರಡು ಹುಟ್ಟುಹಬ್ಬಗಳಿಗೆ ಹೋಗಿ ಬಂದಿವೆ. ಬಡ್ಡಿ ಇಲ್ಲ. ಆದರೆ ಒಯ್ಯುವಾಗ ಪುಸ್ತಕದಲ್ಲಿ ಸಹಿ ಹಾಕಬೇಕು, ತರುವಾಗ ನನ್ನೆದುರಿಗೇ ಎಣಿಸಿ ಕೊಡಬೇಕು.